ಸಿ ಬೇಕಿದ್ದರೆ ಡಿ ಬರೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ತಡವಾಯಿತೆಂದು ಬೈಯಬೇಡ, ಸೆಮಿಸ್ಟರ್ ಕೊನೆ, ಮುಗಿಯದ ಸ್ಕೋರ್ (ಎಲ್ಲ ವಾದ್ಯಗಳ ಸ್ವರ ಬರೆದಿಟ್ಟ ಲಿಪಿ) ಒಂದು ತಲೆ ಮೇಲೆ ಕೂತಿತ್ತು. ನಿನ್ನೆ ಒಪ್ಪಿಸಿ ಬಂದೆ. ಇವತ್ತು ಎದ್ದ ಕೂಡಲೇ ನೆನಪಾದದ್ದು ನಿನ್ನ ಪ್ರಶ್ನೆ: "ಟ್ಯೂನ್ ಹಾಕೋಕೆ ಬರೋನಿಗೆ ಯೂನಿವರ್ಸಿಟೀಲಿ ಕಾಂಪೊಸಿಷನ್ ಅಂತ ಏನೋ ಹೇಳಿಕೊಡ್ತಾರೆ?"

ಟ್ಯೂನ್ ಹುಟ್ಟಿಸೋದನ್ನ ಯಾರೂ ಹೇಳಿಕೊಡೋದಿಲ್ಲ ಕಣೋ. ಈ ಮೂರು ವರ್ಷದಲ್ಲಿ ಒಬ್ಬ ಮೇಷ್ಟ್ರೂ ಆ ಮಾತೆತ್ತಿಲ್ಲ. ಅವರು ಪಟ್ಟು ಹಿಡಿದು ಕೇಳುವುದೇ ಬೇರೆ. ಇದನ್ನು ನುಡಿಸುವವರು ಯಾರು? ಅವರ ಬೆರಳಿಗೆ ಇದು ಎಟಕುತ್ತದಾ? ಉಸಿರು ಎಲ್ಲಿ ತೆಗೆದುಕೊಳ್ಳಬೇಕು? ನೀನು ಪಕ್ಕದಲ್ಲಿ ನಿಂತು ವಿವರಿಸದೆ, ಬರೀ ಕಾಗದ ನೋಡಿ ಅವರಿಗೆ ತಿಳಿಯುತ್ತದಾ? ಇದು ನನ್ನ ತಲೆಗೆ ಹೋದದ್ದು ಎರಡನೇ ವರ್ಷ, ಅದೂ ಮರ್ಯಾದೆ ಕಳೆದುಕೊಂಡ ಮೇಲೆ.

ಫ್ಲೂಟ್, ಓಬೋ, ಕ್ಲಾರಿನೆಟ್, ಹಾರ್ನ್, ಬಸೂನ್, ಹೀಗೆ ಐದು ಜನ ಊದುವವರಿಗೆ ನಾಲ್ಕು ನಿಮಿಷದ ಕೃತಿಯೊಂದನ್ನು ಬರೆದಿದ್ದೆ. ಕಂಪ್ಯೂಟರಿನಲ್ಲಿ ಪ್ಲೇ ಒತ್ತಿದರೆ ನೀರು ಕುಡಿದಷ್ಟು ಸಲೀಸಾಗಿ ಹೋಗುತ್ತಿತ್ತು. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ನನ್ನ ಕೃತಿಗೆ ನಾನೇ ತಲೆದೂಗಿದ್ದೂ ಉಂಟು. ವಾದಕರು ಬಂದು ಮೊದಲ ಸಲ ನೋಡಿ ನುಡಿಸುವುದಕ್ಕೆ 'ರೀಡಿಂಗ್' ಅನ್ನುತ್ತಾರೆ. ನನ್ನ ಪಾಲಿಗೆ ಸಿಕ್ಕದ್ದು ಇಪ್ಪತ್ತು ನಿಮಿಷ.

ಮುಖ್ಯ ಮಟ್ಟನ್ನು ಫ್ಲೂಟಿಗೆ ಕೊಟ್ಟು, ಮಿಡಲ್ ಸಿ ಆಸುಪಾಸಿನಲ್ಲೇ ಕೂರಿಸಿದ್ದೆ. ಅದು ಫ್ಲೂಟಿನ ತಳ. ಅಲ್ಲಿ ಅದರ ದನಿ ಪಿಸುಮಾತಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಅದರ ಜೊತೆಗೇ ಹಾರ್ನಿಗೆ 'ಫೋರ್ಟೆ', ಅಂದರೆ ಜೋರಾಗಿ, ಅಂತ ಬರೆದಿಟ್ಟಿದ್ದೆ. ಸಾಫ್ಟ್‌ವೇರ್ ಎರಡನ್ನೂ ಸಮತೂಕದಲ್ಲಿ ಕೇಳಿಸಿತ್ತು. ಕೋಣೆಯಲ್ಲಿ ಹಾರ್ನ್ ಒಂದೇ ಕೇಳಿಸಿತು. ಫ್ಲೂಟಿನವಳ ಬೆರಳು ಆಡುವುದು ಕಂಡಿತು, ದನಿ ಮಾತ್ರ ಇಲ್ಲ.

ಓಬೋದವನ ಪಾಡು ಇನ್ನೂ ಕಷ್ಟ. ಅವನಿಗೆ ಆರು ಸಾಲು ಬಿಡುವೇ ಇರಲಿಲ್ಲ. ಓಬೋದವರು ತುಟಿಗಿಟ್ಟು ಊದುವ ಸೀಳು, ಅಂದರೆ ರೀಡಿನ ಬಾಯಿ, ಎಷ್ಟು ಕಿರಿದೆಂದರೆ ಎದೆಯ ಗಾಳಿ ಬೇಗ ಖಾಲಿಯಾಗುವುದೇ ಇಲ್ಲ, ಹಳೆಯ ಗಾಳಿ ಒಳಗೇ ಉಳಿದುಬಿಡುತ್ತದೆ. ಮೊದಲು ಅದನ್ನು ಹೊರಹಾಕಬೇಕು, ಆಮೇಲೆ ಹೊಸ ಉಸಿರು. ಅಂದರೆ ಒಂದಲ್ಲ, ಎರಡು ಕೆಲಸಕ್ಕೆ ಸಮಯ ಬೇಕು. ಮೂರನೇ ಸಾಲಿಗೆ ಅವನ ಮುಖ ಕೆಂಪಾಯಿತು. ನಿಲ್ಲಿಸಿದ. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ನನ್ನ ಪುಟದಲ್ಲಿ ನಾಲ್ಕು ಕಡೆ ಅಲ್ಪವಿರಾಮ ಹಾಕಿದ, ಇಲ್ಲಿ ಉಸಿರು ಬೇಕು ಅನ್ನುವ ಗುರುತು. ಒಂದು ಮಾತೂ ಆಡಲಿಲ್ಲ, ಬೈದಿದ್ದರೆ ವಾಸಿಯಿತ್ತು. ಆ ಪುಟ ಈಗಲೂ ನನ್ನ ಹತ್ತಿರ ಇದೆ.

ಬಸೂನಿಗೆ ಸರಸರ ಏರುವ ಸ್ವರಗಳ ನಡುವೆಯೇ ಪುಟ ಮುಗಿದಿತ್ತು. ಎರಡೂ ಕೈ ವಾದ್ಯದ ಮೇಲಿರುವಾಗ ಪುಟ ತಿರುಗಿಸುವವರು ಯಾರು? ಈಗ ಒಬ್ಬೊಬ್ಬರ ಪಾರ್ಟ್ (ಅವರವರ ವಾದ್ಯದ ಪುಟಗಳು) ತೆಗೆಯುವಾಗ ಬಲಪುಟದ ಕೊನೆಯಲ್ಲಿ ಬಿಡುವಿದೆಯೇ ಅಂತ ಮೊದಲು ನೋಡುತ್ತೇನೆ. ಹೀಗೆಲ್ಲ ಪರೀಕ್ಷೆಯಲ್ಲಿ ಕೇಳುವುದಿಲ್ಲ.

ಇನ್ನು ಮೊದಲ ವರ್ಷ. ಅದು ಕೌಂಟರ್‌ಪಾಯಿಂಟಿನ ವರ್ಷ, ನಿನಗೆ ಬೇಸರ ಬರುವುದು ಗ್ಯಾರಂಟಿ. ನಿಧಾನದ ಒಂದು ಸ್ವರಸಾಲು ಕೊಡುತ್ತಾರೆ, ಅದರ ಮೇಲೆ ಇನ್ನೊಂದು ದನಿ ಹೆಣೆಯಬೇಕು. ಮೊದಲು ಒಂದಕ್ಕೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು, ಅದಾದ ಮೇಲೆ ಬೇಕೆಂದೇ ತಡವಾಗಿ ಇಳಿಯುವ ಸ್ವರಗಳು, ಕೊನೆಗೆ ಎಲ್ಲ ಬೆರಕೆ. ಈ ಐದು ಮೆಟ್ಟಿಲನ್ನು ಯೋಹಾನ್ ಯೋಸೆಫ್ ಫುಕ್ಸ್ 1725ರಲ್ಲಿ ಗುರುಶಿಷ್ಯರ ಸಂಭಾಷಣೆಯಾಗಿ ಪುಸ್ತಕ ಮಾಡಿದ. ಹೇಡನ್ ಅದನ್ನು ಮುಂದಿಟ್ಟುಕೊಂಡು ತಾನೇ ಕಲಿತವನು, ಮುಂದೆ ಬೀಥೋವನ್‌ಗೂ ಅದೇ ದಾರಿಯಲ್ಲಿ ಪಾಠ ಹೇಳಿದ. ಮುನ್ನೂರು ವರ್ಷವಾಯಿತು, ನಾವೂ ಅದೇ ಮೆಟ್ಟಿಲು ಹತ್ತುತ್ತಿದ್ದೇವೆ.

ಅಲ್ಲಿ ಒಂದು ನಿಯಮ ನನ್ನನ್ನು ಕೆಣಕಿತ್ತು: ಎರಡು ದನಿಗಳು ಪಂಚಮದ ಅಂತರ ಇಟ್ಟುಕೊಂಡು ಜೊತೆಜೊತೆಯಾಗಿ ನಡೆಯುವಂತಿಲ್ಲ. ತಂಬೂರಿಯ ಸ-ಪ ಕೇಳಿ ಬೆಳೆದ ಕಿವಿಗೆ ಇದೆಂಥ ಅನ್ಯಾಯ! ಅದಕ್ಕಿಂತ ನೆಮ್ಮದಿಯ ಜೋಡಿ ಎಲ್ಲಿದೆ? ಮೇಷ್ಟ್ರನ್ನೇ ಕೇಳಿದೆ. "ನೆಮ್ಮದಿಯಾಗಿರೋದೇ ತೊಂದರೆ. ಬೆರೆತು ಒಂದೇ ದನಿ ಆಗಿಬಿಡುತ್ತವೆ. ನೀನು ಇಬ್ಬರನ್ನು ಕರೆದಿದ್ದೀಯ, ಒಬ್ಬ ಎಲ್ಲಿ ಹೋದ?" ಅಂದರು. ಅವತ್ತಿನಿಂದ ಅದು ನನಗೆ ನಿಯಮ ಅನ್ನಿಸಿಲ್ಲ. ಒಂದೇ ದನಿಯ ಬಣ್ಣ ದಪ್ಪವಾಗಬೇಕು ಅನ್ನುವಾಗ ನಾನೇ ಬೇಕೆಂದು ಆ ಪಂಚಮಗಳನ್ನು ಸಾಲಾಗಿ ಇಡುತ್ತೇನೆ. ಫ್ರಾನ್ಸಿನ ಸಂಗೀತ ರಚನೆಕಾರ ಡಿಬುಸಿ ಮಾಡಿದ್ದೂ ಅದನ್ನೇ.

ಥಿಯರಿ ಗೊತ್ತಿಲ್ಲ ಅಂತ ಹೆದರಿದ್ದೀಯಲ್ಲ, ರಿಮ್ಸ್ಕಿ-ಕೊರ್ಸಕೋವ್ ಕಥೆ ಕೇಳು. ಅವನು ರಷ್ಯಾದ ಸಂಗೀತ ರಚನೆಕಾರ, ನೌಕಾಪಡೆಯ ಅಧಿಕಾರಿಯೂ ಹೌದು. 1871ರಲ್ಲಿ, 27ನೇ ವಯಸ್ಸಿಗೆ, ಸೇಂಟ್ ಪೀಟರ್ಸ್‌ಬರ್ಗ್ ಕನ್ಸರ್ವೇಟರಿ (ಸಂಗೀತ ಕಾಲೇಜು) ಅವನನ್ನು ಕಾಂಪೊಸಿಷನ್ ಪ್ರೊಫೆಸರ್ ಮಾಡಿತು. ಆಗ ಅವನಿಗೆ ಕೌಂಟರ್‌ಪಾಯಿಂಟ್ ಬರುತ್ತಿರಲಿಲ್ಲ! ಅದನ್ನು ಅವನೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಪಾಠ ಹೇಳುತ್ತಲೇ ಮನೆಯಲ್ಲಿ ಕೂತು ವಿದ್ಯಾರ್ಥಿಗಳಿಗಿಂತ ಒಂದು ಹೆಜ್ಜೆ ಮುಂದೆ ಓದಿಕೊಂಡ. ನೀನು ವಿದ್ಯಾರ್ಥಿಯಾಗೋಕೇ ಹೆದರುತ್ತಿದ್ದೀಯ, ಮಾರಾಯ.

ಓದಿದರೆ ಸ್ವಂತದ್ದು ಸತ್ತುಹೋಗುತ್ತದಾ ಅಂತಲೂ ನೀನು ಕೇಳಿದ್ದೆ. ಇದಕ್ಕೆ ಅಷ್ಟು ಸುಲಭದ ಉತ್ತರ ನನ್ನಲ್ಲಿಲ್ಲ. ವಾರಕ್ಕೊಂದು ಸಲ ಮೇಷ್ಟ್ರ ಎದುರು ಒಬ್ಬನೇ ಕೂರಬೇಕು. ಅವರು ಪಿಯಾನೋದಲ್ಲಿ ನಿನ್ನ ಎಂಟು ಬಾರ್ (ತಾಳದ ಲೆಕ್ಕದ ಎಂಟು ತುಂಡು) ನುಡಿಸಿ, "ಐದನೇ ಬಾರ್ ಯಾಕಿದೆ?" ಅನ್ನುತ್ತಾರೆ. "ಚೆನ್ನಾಗಿದೆ ಸರ್" ಅಂದರೆ ನಡೆಯುವುದಿಲ್ಲ. ಕೆಲವು ಮೇಷ್ಟ್ರಿಗೆ ಗುನುಗಬಹುದಾದ ಮಟ್ಟು ಕಂಡರೆ ಮೂಗು ಮುರಿಯುವ ಚಾಳಿ. ಒಂದಿಡೀ ವರ್ಷ ಅವರನ್ನು ಮೆಚ್ಚಿಸಲೆಂದು ಕಡುಬಿಗಿ ಸಂಗೀತ ಬರೆದೆ. ಮೆಚ್ಚಿದರು. ನನಗೆ ಅದನ್ನು ಎರಡನೇ ಸಲ ಕೇಳಲಾಗಲಿಲ್ಲ. ಆದರೆ ಎಲ್ಲ ಮೇಷ್ಟ್ರೂ ಹಾಗಲ್ಲ. 1954ರಲ್ಲಿ ಅರ್ಜೆಂಟೀನಾದ ಆಸ್ಟರ್ ಪಿಯಾಝೋಲಾ ಪ್ಯಾರಿಸ್ಸಿಗೆ ಹೋಗಿ ಹೆಸರಾಂತ ಕಾಂಪೊಸಿಷನ್ ಶಿಕ್ಷಕಿ ನಾದಿಯಾ ಬುಲಾಂಜೆ ಮುಂದೆ ಸಿಂಫನಿ ಸ್ಕೋರುಗಳನ್ನು ಹರಡಿದ. ತಾನು ತನ್ನೂರಿನ ಕುಣಿತದ ಸಂಗೀತ ಟ್ಯಾಂಗೋ ನುಡಿಸುವವನು ಅನ್ನುವುದನ್ನು ನಾಚಿಕೆಯಿಂದ ಮುಚ್ಚಿಟ್ಟಿದ್ದ. ಆಕೆ ಬಿಡದೆ ಕೇಳಿ, ಒಂದು ಟ್ಯಾಂಗೋ ನುಡಿಸಿಸಿ, ನಿನ್ನತನ ಇರುವುದು ಇದರಲ್ಲೇ, ಇದನ್ನು ಬಿಡಬೇಡ ಅಂದಳು. ಕೌಂಟರ್‌ಪಾಯಿಂಟ್ ಅಭ್ಯಾಸದಿಂದ ಮಾತ್ರ ಅವನನ್ನೂ ಬಿಡಲಿಲ್ಲ!

ಕೆಲಸದ ಮಾತು ನೀನು ಕೇಳಿಲ್ಲ, ನಾನೂ ಹೆಚ್ಚು ಹೇಳೋದಿಲ್ಲ. ಪಾಠ, ಅರೇಂಜಿಂಗ್, ಸಿನಿಮಾ, ಗೇಮ್ ಹಿನ್ನೆಲೆ, ಹೀಗೆ ನಾಲ್ಕಾರು ಕಡೆ ಕೈ ಹಾಕಿ ಬದುಕುವವರೇ ಜಾಸ್ತಿ.

ನೀನು ಸೇರುವುದಾದರೆ, ಅರ್ಜಿಯ ಜೊತೆ ಸಾಮಾನ್ಯವಾಗಿ ಒಂದೆರಡು ಕೃತಿಗಳ ಸ್ಕೋರ್ ಮತ್ತು ರೆಕಾರ್ಡಿಂಗ್ ಕೇಳುತ್ತಾರೆ. ಆ ಲ್ಯಾಪ್‌ಟಾಪಿನ ಆರ್ಕೆಸ್ಟ್ರಾ ಕಳಿಸಬೇಡ. ಕಳೆದ ಸಲ ಫೋನಿನಲ್ಲಿ ಗುನುಗಿದೆಯಲ್ಲ, ಕೊನೆಯಲ್ಲಿ ಇಳಿಯದೆ ಮೇಲೇ ನಿಂತುಬಿಡುವ ಆ ಮಟ್ಟು, ಅದನ್ನು ಒಂದು ಕ್ಲಾರಿನೆಟ್ಟಿಗೆ ಬರೆ. ಎರಡು ನಿಮಿಷ ಸಾಕು. ನುಡಿಸೋಕೆ ನನ್ನ ಕ್ಲಾಸಿನವಳೊಬ್ಬಳು ಒಪ್ಪಿದ್ದಾಳೆ, ರೆಕಾರ್ಡ್ ಮಾಡಿ ಕಳಿಸುತ್ತೇನೆ. ಉಸಿರಿಗೆ ಜಾಗ ಬಿಡು. ಇನ್ನೊಂದು ವಿಷಯ, ಅವಳದು ಬಿ ಫ್ಲ್ಯಾಟ್ ಕ್ಲಾರಿನೆಟ್, ಬರೆದದ್ದಕ್ಕಿಂತ ಒಂದು ಪೂರ್ತಿ ಸ್ವರ ಕೆಳಗೆ ಕೇಳಿಸುತ್ತದೆ. ನಿನ್ನ ಕಿವಿಯಲ್ಲಿ ಸಿ ಇದ್ದರೆ ಕಾಗದದ ಮೇಲೆ ಡಿ ಬರೆ. ನಾನು ಆ ರೀಡಿಂಗಿನಲ್ಲಿ ಇದನ್ನೂ ಮರೆತಿದ್ದೆ.

ಭಾನುವಾರದೊಳಗೆ ಕಳಿಸು.

ಇತಿ ನಿನ್ನ ಗೆಳೆಯ