ಹಂತ ನಿಗದಿಯನ್ನು ಪ್ರಶ್ನಿಸುವ ದಾರಿಯೂ ಇರಲಿ

ಮಾನ್ಯರೇ,

ಲೈಂಗಿಕ ಅಪರಾಧಿಗಳ ಹೆಸರು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಇಬ್ಬರು ಹೆಣ್ಣುಮಕ್ಕಳ ತಾಯಿ ನಾನು. ಆ ಸಿಟ್ಟು ನನಗೂ ಇದೆ. ಆದರೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದನ್ನೂ ನೋಡಬೇಕು.

ಅಲ್ಲಿ ಒಂದು ಮಂಡಳಿ ಇದೆ. ಮತ್ತೆ ಅಪರಾಧ ಮಾಡುವ ಸಾಧ್ಯತೆ ಎಷ್ಟು ಎಂದು ಅಳೆದು, ಅಪರಾಧಿಯನ್ನು 1, 2 ಅಥವಾ 3ನೇ ಹಂತಕ್ಕೆ ಸೇರಿಸುತ್ತದೆ. 1ನೇ ಹಂತದವರ ವಿವರ ಜನರಿಗೆ ಸಿಗುವುದಿಲ್ಲ. 3ನೇ ಹಂತದವರ ಫೋಟೊ, ವಿಳಾಸ ಇಂಟರ್‌ನೆಟ್‌ನಲ್ಲೇ ಇರುತ್ತದೆ. ಹಂತ ತಪ್ಪಾಗಿದೆ ಅನ್ನಿಸಿದರೆ ಮೊದಲು ಮಂಡಳಿಯಲ್ಲೇ ವಿಚಾರಣೆ ಕೇಳಬಹುದು. ಆಮೇಲೆ ಸುಪೀರಿಯರ್ ಕೋರ್ಟ್ ಎಂಬ ಅಲ್ಲಿನ ನ್ಯಾಯಾಲಯಕ್ಕೆ ಹೋಗಬಹುದು. 2015ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ, ಹಂತ ನಿಗದಿ ಮಾಡಲು ಬರೀ 'ಇರಬಹುದು' ಎನ್ನುವಷ್ಟು ಸಾಕ್ಷ್ಯ ಸಾಲದು, ಸ್ಪಷ್ಟವಾಗಿ ಮನವರಿಕೆ ಮಾಡಿಕೊಡುವ ಸಾಕ್ಷ್ಯವೇ ಬೇಕು ಎಂದಿತು. ಅದನ್ನು ಒದಗಿಸುವ ಹೊಣೆ ಮಂಡಳಿಯದು.

ಇದರಿಂದ ಯಾರ ಶಿಕ್ಷೆಯೂ ರದ್ದಾಗುವುದಿಲ್ಲ. ಸುಮ್ನೆ ಎಲ್ಲರನ್ನೂ 3ನೇ ಹಂತಕ್ಕೆ ತಳ್ಳಿದರೆ, ನಿಜಕ್ಕೂ ಜಾಸ್ತಿ ಅಪಾಯ ಯಾರಿಂದ ಎಂದು ಪೊಲೀಸರಿಗಾಗಲಿ, ನಮ್ಮಂಥ ತಾಯಂದಿರಿಗಾಗಲಿ ಗೊತ್ತಾಗುವುದು ಹೇಗೆ?

ನಮ್ಮ ದೇಶದಲ್ಲಿ 2018ರಲ್ಲಿ ಶುರುವಾದ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಪಟ್ಟಿಯನ್ನು ಪೊಲೀಸರು, ತನಿಖಾ ಸಂಸ್ಥೆಗಳು ಮಾತ್ರ ನೋಡಬಹುದು. ಅದನ್ನು ಜನರಿಗೂ ತೆರೆಯಿರಿ ಎನ್ನುವವರು, ಕೋರ್ಟ್‌ನಲ್ಲಿ ಪ್ರಶ್ನಿಸುವ ದಾರಿಯನ್ನೂ ಕಾಯ್ದೆಯಲ್ಲೇ ಬರೆಯಿರಿ ಎಂದು ಕೇಳಬೇಕು.

– ಒಬ್ಬ ತಾಯಿ, ಮೈಸೂರು