ಭಾನುವಾರದ ಮಾತುಕತೆ: ಸಂಬಂಧ ಮುರಿದ ಮೇಲೆ ‘ನಾನು’

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆಯ ಕರೆಯಲ್ಲಿ ಮನಶ್ಶಾಸ್ತ್ರಜ್ಞೆ ಎರಿಕಾ ಸ್ಲಾಟರ್ ಅವರ ಕೆಲಸದ ಬಗ್ಗೆ ಮಾತಾಡೋಣ.

ಅವರು ಇಬ್ಬರು ಸಹೋದ್ಯೋಗಿಗಳ ಜೊತೆ 2010ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಪ್ರೀತಿ ಮುರಿದಾಗ ಸಂಗಾತಿಯನ್ನು ಕಳೆದುಕೊಳ್ಳುವುದಷ್ಟೇ ಅಲ್ಲ, ‘ನಾನು ಯಾರು’ ಅನ್ನೋದೂ ಮಸುಕಾಗುತ್ತದೆ. ಹಾಗೆ ಮಸುಕಾದಷ್ಟೂ ಮನಸ್ಸಿನ ನೋವು ಜಾಸ್ತಿ ಅಂತ ಅವರು ಕಂಡುಕೊಂಡರು. ಸಂಗಾತಿಯ ಜೊತೆಗೆ ಅಂತಲೇ ಬೆಳಗ್ಗೆ ಎದ್ದು ಓಡಲು ಕಲಿತವರನ್ನು ನೆನೆಯಿರಿ. ಸಂಗಾತಿ ಹೋದ ಮೇಲೆ ಶೂ ಬಾಗಿಲ ಬಳಿಯೇ ಇರುತ್ತದೆ. ಓಡುವುದು ನನ್ನ ಇಷ್ಟವಾ, ಅವರದ್ದಾ? ಉತ್ತರ ಗೊತ್ತಾಗುವುದಿಲ್ಲ. ಇಂಥವರಿಗೆ ‘ಇನ್ನೂ ಮರೆತಿಲ್ವಾ’ ಅಂತ ಕೇಳುವುದು ಎಷ್ಟು ಕಟುವಾದ ಮಾತು, ಅಲ್ವಾ?

ಬರುವ ಮೊದಲು ಒಂದು ಕೆಲಸ. ಸಂಬಂಧ ಎಷ್ಟು ಹತ್ತಿರದ್ದು ಅಂತ ಅಳೆಯಲು ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಜೊತೆಗಾರರು 1992ರಲ್ಲಿ ಒಂದು ಸರಳ ಅಳತೆಗೋಲು ಮಾಡಿದರು. ಒಂದು ವೃತ್ತ ನೀವು, ಇನ್ನೊಂದು ನಿಮ್ಮವರು. ಒಟ್ಟು 7 ಚಿತ್ರ. ಮೊದಲನೆಯದರಲ್ಲಿ ವೃತ್ತಗಳು ಬೇರೆ ಬೇರೆ, ಕೊನೆಯದರಲ್ಲಿ ಹೆಚ್ಚುಕಮ್ಮಿ ಒಂದರೊಳಗೊಂದು. ನಿಮ್ಮ ಯಾವುದಾದರೂ ಒಂದು ಸಂಬಂಧಕ್ಕೆ ಸರಿ ಅನಿಸಿದ್ದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಗೆಳೆತನವೂ ಆಗಬಹುದು. ತೋರಿಸಲೇಬೇಕು ಅಂತಿಲ್ಲ.

ಇತ್ತೀಚೆಗೆ ದೂರವಾದವರು ಸುಮ್ನೆ ಕೇಳಿಸಿಕೊಂಡರೂ ಸಾಕು. ಯಾರ ಮಾತನ್ನೂ ರೆಕಾರ್ಡ್ ಮಾಡಬೇಡಿ, ಬೇರೆ ಗುಂಪಿಗೆ ಕಳಿಸಬೇಡಿ. ನಿದ್ದೆ, ಊಟ ಬಿಟ್ಟುಹೋಗಿ ಬದುಕೇ ಬೇಡ ಅನಿಸುತ್ತಿದ್ದರೆ ಭಾನುವಾರದವರೆಗೆ ಕಾಯಬೇಡಿ. ಈಗಲೇ ಹತ್ತಿರದವರಿಗೆ ಹೇಳಿ, ವೈದ್ಯರನ್ನು ಕಾಣಿ.

ಕರೆಗೆ ಬರುವವರು ಶನಿವಾರದೊಳಗೆ ಇಲ್ಲಿ ತಿಳಿಸಿ.