ಸಿಆರ್‌ಪಿ ನೋಡಿ ಬಿಪಿ ಭವಿಷ್ಯ ಹೇಳ್ತಾರಂತ

ಸಂಪಾದಕರೇ ನಮಸ್ಕಾರ,

ಹೋದ ತಿಂಗಳು ನಮ್ ಭಾವ ಇಲ್ಲೇ ಕಲಬುರಗಿಯಾಗ ಒಂದು ಲ್ಯಾಬಿಗೆ ಹೋಗಿ ಪ್ಯಾಕೇಜ್ ಟೆಸ್ಟ್ ಮಾಡಿಸ್ಕೊಂಡು ಬಂದ್ರು, ಮುಂದ ಬಿಪಿ ಬರ್ತದೋ ಇಲ್ಲೋ ರಕ್ತದಾಗೇ ಗೊತ್ತಾಗ್ತದ ಅಂತ ವಾಟ್ಸಾಪಿನಾಗ ಬಂದಿತ್ತಂತ. ರಿಪೋರ್ಟಿನಾಗ ಸಿಆರ್‌ಪಿ ಅನ್ನೋ ರಕ್ತದಾಗಿನ ಪ್ರೋಟೀನ್ 4.6, ಅದರ ಮುಂದ ಕೆಂಪು ಗುರ್ತು. ಅವತ್ತಿಂದ ಮನುಷ್ಯಾಗ ನಿದ್ದಿ ಇಲ್ಲ, ಜ್ವಾರಿ ರೊಟ್ಟಿ ಜೋಡಿ ಶೇಂಗಾ ಹಿಂಡಿನೂ ಬ್ಯಾಡ ಉಪ್ಪಿನಕಾಯಿನೂ ಬ್ಯಾಡ (ಉಪ್ಪಿನಕಾಯಿ ಬಿಟ್ಟಿದ್ದು ಮಾತ್ರ ಛಲೋನೇ ಆತು ಬಿಡ್ರಿ, ದಿನಕ್ಕ 5 ಗ್ರಾಂ ಒಳಗ ಉಪ್ಪು ಅಂತ ಡಬ್ಲ್ಯೂಎಚ್‌ಒ ಹೇಳ್ತದ). ಬಿಪಿ ನೋಡಿದ್ರ 122/78! ಕೆದಕಿ ಕೇಳಿದ ಮ್ಯಾಲ ಗೊತ್ತಾತು, ರಕ್ತ ಕೊಟ್ಟ ದಿನ ವಸಡು ಬಾತು ಗಲ್ಲ ಉಬ್ಬಿತ್ತಂತ.

ಸಿಆರ್‌ಪಿ ಅನ್ನೋದು ಮೈಯಾಗ ಎಲ್ಲೇ ಉರಿಯೂತ ಆದ್ರೂ ಲಿವರ್ ಬಿಡೋ ಪ್ರೋಟೀನ್, ಹಲ್ಲು ಬಾತ್ರೂ ಏರ್ತದ ಜ್ವರ ಬಂದ್ರೂ ಏರ್ತದ. ಬಿಪಿಗೂ ಅದಕ್ಕೂ ಸಂಬಂಧ ಇಲ್ಲಂತಲ್ಲ. ಅಮೆರಿಕದಾಗ 20 ಸಾವಿರಕ್ಕೂ ಹೆಚ್ಚು ಹೆಣ್ಣಮಕ್ಕಳನ್ನ ವರ್ಷಗಟ್ಟಲೆ ನೋಡಿದ ಅಧ್ಯಯನ 2003ರಾಗ ಬಂತು, ಸಿಆರ್‌ಪಿ ಭಾಳ ಇದ್ದವರಿಗೆ ಕಡಿಮಿ ಇದ್ದವರಕಿಂತ ಸುಮಾರು ಒಂದೂವರೆ ಪಟ್ಟು ಬಿಪಿ ಬಂತು. ಆದ್ರ ಅದು ಸಾವಿರಾರು ಮಂದಿ ಲೆಕ್ಕ, ನಮ್ ಭಾವನ ಒಬ್ಬರ ಜಾತಕ ಅಲ್ಲ. ಮುಂದ ಜೀನ್ ನೋಡಿ ಮಾಡಿದ ಅಧ್ಯಯನದಾಗ ಸಿಆರ್‌ಪಿನೇ ಬಿಪಿ ತರ್ತದ ಅನ್ನೋದಕ್ಕ ಆಧಾರ ಸಿಗಲಿಲ್ಲ, ಬೊಜ್ಜು ಸಿಗರೇಟು ಎರಡನ್ನೂ ಏರಸ್ತಾವ, ಅದಕ್ಕ ಜೋಡಿ ಕಾಣಸ್ತದ ಅಷ್ಟೇ.

ನನಗ ಸಿಟ್ಟು ಬರೋದು ಇನ್ನೊಂದಕ್ಕ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಅಧ್ಯಯನದಾಗ, 2007ರಾಗ, ಒಂಬತ್ತು ಮಾರ್ಕರ್ (ರಕ್ತ, ಮೂತ್ರದಾಗ ಅಳಿಯೋ ಗುರ್ತು) ಒಟ್ಟಿಗೆ ನೋಡಿದಾಗ ಮುಂದ ಬಿಪಿ ಬರೋದಕ್ಕ ತಾಳೆ ಆದ ಮೂರರಾಗ ಒಂದು ಮೂತ್ರದಾಗ ಹೋಗೋ ಅಲ್ಬುಮಿನ್ ಅನ್ನೋ ಪ್ರೋಟೀನ್. ರಕ್ತನೇ ಬ್ಯಾಡ, ಅಗ್ಗದ ಟೆಸ್ಟು. ಭಾವನ ಪ್ಯಾಕೇಜಿನಾಗ ಅದೇ ಇಲ್ಲ!

ಇನ್ನ ನಮ್ ಕಡಿ ಬಿಪಿ ಹೆಂಗ ನೋಡ್ತಾರಂದ್ರ, ಬ್ಯಾಸಿಗಿ ಬಿಸಲಾಗ ನಡಕೊಂಡು ಬಂದವರನ್ನ, ಬಾಯಾಗ ತಂಬಾಕು ಇದ್ದಾಗೇ, ನಿಂತಲ್ಲೇ ಪಟ್ಟಿ ಕಟ್ಟಿ ನೋಡಿ ಬರದು ಕಳಸ್ತಾರ. ಐದು ನಿಮಿಷ ಬೆನ್ನಿಗೆ ಆಸರಾ ಕೊಟ್ಟು ಕೂಡಬೇಕು, ಚಹಾ ತಂಬಾಕು ಆಗಿ ಅರ್ಧ ತಾಸು ಆಗಿರಬೇಕು, ಕೈ ಎದಿ ಮಟ್ಟದಾಗ ಇರಬೇಕು, ಎರಡು ಸಲ ನೋಡಬೇಕು. ನಿಮ್ ಆರೋಗ್ಯ ಪುಟದಾಗ ಇಷ್ಟನ್ನ ದೊಡ್ಡ ಅಕ್ಷರದಾಗ ಹಾಕ್ರಿ, ಮತ್ತ ಬಿಪಿ ನೋಡೋ ಜಾಗದಾಗ ಬೆನ್ನಿರೋ ಎರಡು ಕುರ್ಚಿ ಹಾಕಿಸ್ಲಿಕ್ಕೆ ಆರೋಗ್ಯ ಇಲಾಖೆಯವರಿಗೆ ಹೇಳ್ರಿ.

– ಒಬ್ಬ ಓದುಗ, ಕಲಬುರಗಿ